ಕೊನೆಯ ಏಟು ಯಾರದು?

ನಗಿಸುವುದಕ್ಕೆಂದೇ ಕಥೆ ಕಟ್ಟಿ ತೆಗೆದ ಮೊದಮೊದಲ ಸಿನಿಮಾ ಒಂದು ನಿಮಿಷವೂ ಇಲ್ಲ. 1895ರಲ್ಲಿ ಲೂಯಿ ಲ್ಯುಮಿಯೇರ್ ತೆಗೆದ ಆ ಚಿತ್ರದಲ್ಲಿ ತೋಟಗಾರನೊಬ್ಬ ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿರುತ್ತಾನೆ. ಹಿಂದಿನಿಂದ ಬಂದ ಹುಡುಗ ಪೈಪನ್ನು ತುಳಿದು ನಿಲ್ಲುತ್ತಾನೆ. ನೀರೇಕೆ ನಿಂತಿತು ಎಂದು ತೋಟಗಾರ ಪೈಪಿನ ಬಾಯಿಗೆ ಮುಖವಿಟ್ಟು ನೋಡುವಾಗ ಹುಡುಗ ಕಾಲೆತ್ತುತ್ತಾನೆ. ಮುಖಕ್ಕೆ ನೀರು ರಾಚುತ್ತದೆ. ಇಷ್ಟನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಮರೆಯುವುದು ಅದರ ಮುಂದಿನ ಭಾಗವನ್ನು. ತೋಟಗಾರ ಹುಡುಗನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾನೆ; ಹಿಡಿದ ಜಾಗದಲ್ಲಿಯೇ ಬಾರಿಸದೆ, ಕ್ಯಾಮೆರಾದ ಕಣ್ಣಿಗೆ ಬೀಳುವಂತೆ ಮುಂದಕ್ಕೆ ಎಳೆದು ತಂದು ಕುಂಡೆಗೆ ಬಾರಿಸುತ್ತಾನೆ. ಆಮೇಲೆ ಮತ್ತೆ ಪೈಪು ಹಿಡಿಯುತ್ತಾನೆ. ಆಗ ಕ್ಯಾಮೆರಾ ಅಲುಗಾಡುತ್ತಿರಲಿಲ್ಲ, ಆದ್ದರಿಂದ ಶಿಕ್ಷೆಯನ್ನೇ ಕ್ಯಾಮೆರಾದ ಬಳಿಗೆ ತರಬೇಕಾಯಿತು. ತಂಟೆ ಮಗುವಿನದು, ಕೊನೆಯ ಏಟು ದೊಡ್ಡವರದು: ನಗೆಚಿತ್ರ ಕಣ್ಣು ಬಿಟ್ಟದ್ದು ಈ ಲೆಕ್ಕದಲ್ಲಿ.

ಈ ಲೆಕ್ಕವನ್ನು ಮುಂದಿನವರು ಎಷ್ಟು ಬಗೆಯಲ್ಲಿ ತಿರುಗುಮುರುಗು ಮಾಡಿದರು ಎಂದು ನೋಡಲು ಶಾಲೆಯ ಕಥೆಗಳಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಶಾಲೆಯಲ್ಲಿ ಮೇಷ್ಟ್ರು ಎಂದರೆ ಶಿಸ್ತು. ಬಿದ್ದು, ಬೀಳಿಸಿ ನಗಿಸುವ ಸ್ಲ್ಯಾಪ್‌ಸ್ಟಿಕ್ ಬದುಕುವುದೇ ಶಿಸ್ತನ್ನು ಮುರಿಯುವುದರಲ್ಲಿ. ಕುರ್ಚಿಗೆ ಅಂಟು, ಡ್ರಾಯರಿನಲ್ಲಿ ಇಲಿ, ಬೆನ್ನಿನ ಮೇಲೆ ಚೀಟಿ ಇವೆಲ್ಲ ನಡೆಯುವಷ್ಟು ಹೊತ್ತು ಸಿನಿಮಾ ಹುಡುಗರ ಪಕ್ಷದಲ್ಲಿರುತ್ತದೆ, ನಾವೂ ಅವರ ಪಕ್ಷದಲ್ಲಿರುತ್ತೇವೆ. ಆದರೆ ಚಿತ್ರ ಮುಗಿಯಬೇಕಲ್ಲ? ಕಟ್ಟಕಡೆಗೆ ಮೇಷ್ಟ್ರ ಕೈಗೆ ಬೆತ್ತ ಕೊಟ್ಟರೆ ಇಷ್ಟು ಹೊತ್ತು ನಕ್ಕವರಿಗೆ ಮೋಸ. ಹುಡುಗರನ್ನೇ ಗೆಲ್ಲಿಸಿದರೆ ಶಾಲೆ ಎಂಬುದು ಉಳಿಯುವುದಿಲ್ಲ, ಶಾಲೆ ಉಳಿಯದಿದ್ದರೆ ನಾಳೆ ತಂಟೆ ಮಾಡಲು ಜಾಗವೂ ಇರುವುದಿಲ್ಲ. ಯಕ್ಷಗಾನದಲ್ಲಿ ಹಾಸ್ಯಗಾರ ರಾತ್ರಿಯಿಡೀ ಎಷ್ಟು ಕುಣಿದರೂ ಬೆಳಗಾಗುವಾಗ ಮಂಗಳ ಹಾಡುವುದು ಭಾಗವತರೇ. ಅಲ್ಲಿ ಆ ಜವಾಬ್ದಾರಿ ಮೊದಲೇ ಹಂಚಿಕೆಯಾಗಿರುತ್ತದೆ. ಶಾಲೆಯ ನಗೆಚಿತ್ರಕ್ಕೆ ಅಂಥ ಭಾಗವತರು ಸಿಗಲಿಲ್ಲ. ಬಹುಪಾಲು ಚಿತ್ರಗಳು ಕೊನೆಯ ಹತ್ತು ನಿಮಿಷ ಬರುತ್ತಿದ್ದಂತೆ ಶಾಲೆಯಿಂದಲೇ ಓಡಿಹೋದವು. ಓಡದೆ ನಿಂತವು ಕೆಲವೇ. ನನ್ನ ಮಟ್ಟಿಗೆ ಅವುಗಳಲ್ಲಿ ಉತ್ತಮವಾದದ್ದು 1930ರಲ್ಲಿ ಬಂದ ಇಪ್ಪತ್ತು ನಿಮಿಷದ ಒಂದು ಚಿತ್ರ. ಅದಕ್ಕೆ ಬರುವ ಮೊದಲು ಓಡಿಹೋದವರ ದಾರಿಗಳನ್ನು ನೋಡಬೇಕು.

ಈ ಕಥೆಗಳು ಸಿನಿಮಾಕ್ಕೆ ಬಂದದ್ದು ರಂಗಮಂಚದಿಂದ. ಅಮೆರಿಕದ ವಾಡ್ವಿಲ್ ವೇದಿಕೆಗಳಲ್ಲಿ ತರಗತಿಯ ಪ್ರಹಸನ ಎನ್ನುವುದೇ ಒಂದು ಸಿದ್ಧ ಸರಕಾಗಿತ್ತು: ಒಬ್ಬ ಮೇಷ್ಟ್ರು, ನಾಲ್ಕು ಬೆಂಚು, ಪ್ರಶ್ನೆಗೆ ಅಡ್ಡ ಉತ್ತರ. 1910ರ ಸುಮಾರಿಗೆ ಮಾರ್ಕ್ಸ್ ಸಹೋದರರು ಊರೂರು ತಿರುಗಿ ಆಡಿದ್ದು ಇಂಥದೇ ಆಟ. ಗ್ರೌಚೊ ಜರ್ಮನ್ ಉಚ್ಚಾರಣೆಯ ಮೇಷ್ಟ್ರು, ಹಾರ್ಪೊ ದಡ್ಡ ಹುಡುಗ. ರಂಗದಲ್ಲಿ ಮುಗಿಸುವ ಕಷ್ಟವಿರಲಿಲ್ಲ. ಎಲ್ಲರೂ ಸೇರಿ ಒಂದು ಹಾಡು ಹಾಡಿದರೆ ಪರದೆ ಬೀಳುತ್ತಿತ್ತು. ಮೂಕಿ ಸಿನಿಮಾಕ್ಕೆ ಹಾಡೂ ಇಲ್ಲ, ಪರದೆಯೂ ಇಲ್ಲ.

ಮೊದಲು ಈ ಕಷ್ಟಕ್ಕೆ ಸಿಕ್ಕಿದವನು ಮ್ಯಾಕ್ ಸೆನೆಟ್. 1912ರಲ್ಲಿ ಲಾಸ್ ಏಂಜಲೀಸ್‌ನ ಈಡನ್‌ಡೇಲಿನಲ್ಲಿ ಕೆಲಸ ಶುರುಮಾಡಿದ ಅವನ ಕೀಸ್ಟೋನ್ ಕಂಪನಿ 1915ರ ಜೂನ್‌ನಲ್ಲಿ ‘ದಿ ಲಿಟ್ಲ್ ಟೀಚರ್’ ಎಂಬ ಚಿತ್ರ ಹೊರತಂದಿತು. ಹೊಸದಾಗಿ ಬಂದ ಟೀಚರು ಮೇಬಲ್ ನಾರ್ಮಂಡ್. ವಿದ್ಯಾರ್ಥಿಗಳ ಬೆಂಚಿನಲ್ಲಿ ಸ್ವತಃ ಸೆನೆಟ್ ಮತ್ತು ರೋಸ್ಕೋ ಆರ್ಬಕಲ್. ಸೆನೆಟ್‌ಗೆ ಆಗ ಮೂವತ್ತೈದು ವರ್ಷ. ಆರ್ಬಕಲ್ ಗಾತ್ರದಲ್ಲಿ ಬೆಂಚಿಗಿಂತ ದೊಡ್ಡವನು. ಚಿತ್ರದ ತಮಾಷೆಯ ಬೀಜ ಇಲ್ಲಿದೆ. ಹುಡುಗರು ದೊಡ್ಡವರು, ಟೀಚರು ಸಣ್ಣವಳು, ಅಧಿಕಾರ ಮಾತ್ರ ತಲೆಕೆಳಗಾಗದೆ ಅವಳ ಕೈಯಲ್ಲೇ ಇದೆ. ಇದು ಬರಿಯ ಕಲ್ಪನೆಯೂ ಅಲ್ಲ. ಒಂದೇ ಕೋಣೆಯ ಅಮೆರಿಕದ ಹಳ್ಳಿ ಶಾಲೆಗಳಲ್ಲಿ ಬಿತ್ತನೆ, ಕೊಯ್ಲಿಗೆಲ್ಲ ಶಾಲೆ ಬಿಟ್ಟು, ಚಳಿಗಾಲದಲ್ಲಿ ಮಾತ್ರ ಬರುವ ಮೀಸೆ ಮೂಡಿದ ಹುಡುಗರಿರುತ್ತಿದ್ದರು. ಅವರಿಗೆ ಕಲಿಸುವವಳು ಎಷ್ಟೋ ಕಡೆ ಆಗತಾನೇ ಓದು ಮುಗಿಸಿದ ಹುಡುಗಿ. ನೋಡುತ್ತಿದ್ದವರಲ್ಲಿ ಅನೇಕರು ಅಂಥ ಶಾಲೆಯ ಬೆಂಚಿನಿಂದಲೇ ಎದ್ದು ಬಂದವರು.

ಕೀಸ್ಟೋನ್‌ನವರು ಇಂಥ ಬೀಜವನ್ನು ಬೆಳೆಸುತ್ತಿರಲಿಲ್ಲ, ಸಿಡಿಸುತ್ತಿದ್ದರು. ಅದಕ್ಕೆ ರೀಲಿನ ಲೆಕ್ಕವೂ ಕಾರಣ. ಒಂದು ರೀಲು ಎಂದರೆ ಸಾವಿರ ಅಡಿ ಫಿಲ್ಮು. ಪ್ರೊಜೆಕ್ಟರಿನ ಹಿಡಿಕೆ ತಿರುಗಿಸುವ ವೇಗಕ್ಕೆ ತಕ್ಕಂತೆ ಹನ್ನೊಂದರಿಂದ ಹದಿನಾರು ನಿಮಿಷದ ಆಟ. ಕಥೆಗೊಂದು ಕೊನೆ ಹುಡುಕುವ ಪುರುಸೊತ್ತು ಇರುತ್ತಿರಲಿಲ್ಲ, ಫಿಲ್ಮು ಮುಗಿಯುವಷ್ಟರಲ್ಲಿ ಎಲ್ಲರನ್ನೂ ಒಂದೆಡೆ ಸೇರಿಸಿ ನಿಲ್ಲಿಸಬೇಕಿತ್ತು. ಅದಕ್ಕೆ ಓಟ, ಓಟದ ತುದಿಗೆ ನೀರು. ಸ್ಟುಡಿಯೋಕ್ಕೆ ಹತ್ತಿರದಲ್ಲಿ ಎಕೋ ಪಾರ್ಕಿನ ಕೆರೆ ಇದ್ದದ್ದರಿಂದ ಕೀಸ್ಟೋನ್‌ನ ಪೊಲೀಸರು, ಪ್ರೇಮಿಗಳು, ಗಂಡಂದಿರು ಎಷ್ಟು ಸಲ ಅದರಲ್ಲಿ ಬಿದ್ದೆದ್ದರೋ. ನೀರಿಗೆ ಬಿದ್ದವನ ಮಾನ ಹೋಗುತ್ತದೆ, ಪ್ರಾಣ ಹೋಗುವುದಿಲ್ಲ. ಕೋಪವೂ ತಣ್ಣಗಾಗುತ್ತದೆ. ಯಾರು ಗೆದ್ದರು ಎಂದು ಹೇಳುವ ಅಗತ್ಯವೇ ಇಲ್ಲದೆ ಎಲ್ಲರನ್ನೂ ಒದ್ದೆ ಮಾಡಿ ಮನೆಗೆ ಕಳಿಸಬಹುದು. ಸೆನೆಟ್ ಕೊಟ್ಟದ್ದು ತೀರ್ಪಲ್ಲ, ವಿರಾಮ.

ಚಾಪ್ಲಿನ್‌ನಿಗೆ ಇದು ಸಾಕಾಗಲಿಲ್ಲ. ಕೀಸ್ಟೋನ್ ಬಿಟ್ಟ ಮೇಲೆ, ಅದೇ 1915ರಲ್ಲಿ ತೆಗೆದ ‘ದಿ ಟ್ರ್ಯಾಂಪ್’ ಚಿತ್ರದ ಕೊನೆಯಲ್ಲಿ ಅವನು ಪ್ರೇಕ್ಷಕರಿಗೆ ಬೆನ್ನು ಹಾಕಿ ಧೂಳಿನ ರಸ್ತೆಯಲ್ಲಿ ಒಬ್ಬನೇ ನಡೆದುಹೋದ. ಸೋತ ನಡಿಗೆ, ನಾಲ್ಕು ಹೆಜ್ಜೆ ಆದಮೇಲೆ ಭುಜ ಕೊಡವಿ, ಕಾಲು ಝಾಡಿಸಿ, ಮತ್ತೆ ಹುರುಪು. ಈ ಒಂದು ಅಂತ್ಯವನ್ನೇ ಅವನು ಇಪ್ಪತ್ತು ವರ್ಷ ತಿದ್ದಿದ. ‘ದಿ ಸರ್ಕಸ್’ ಚಿತ್ರದಲ್ಲಿ (1928) ಡೇರೆ ಕಿತ್ತುಹೋದ ಬಯಲಿನ ವೃತ್ತದಲ್ಲಿ ಕೂತು ಏಳುತ್ತಾನೆ. ‘ಮಾಡರ್ನ್ ಟೈಮ್ಸ್’ (1936) ಮುಗಿಯುವಾಗ ಹುಡುಗಿ ಸನ್ಯಾಸಿನಿಯಾಗಿ ಅವನು ಒಂಟಿಯಾಗಿ ಹೋಗುವ ದೃಶ್ಯವನ್ನೂ ಚಿತ್ರೀಕರಿಸಿ, ಬೇಡವೆಂದು ತೆಗೆದುಹಾಕಿ, ಕೊನೆಗೆ ಇಬ್ಬರನ್ನೂ ಕೈ ಹಿಡಿಸಿ ರಸ್ತೆಗೆ ಕಳಿಸಿದ. ‘ದಿ ಗೋಲ್ಡ್ ರಶ್’ ಚಿತ್ರವನ್ನು 1942ರಲ್ಲಿ ಧ್ವನಿಯೊಡನೆ ಮತ್ತೆ ಹೊರತಂದಾಗ 1925ರ ಮೂಲದಲ್ಲಿದ್ದ ಕೊನೆಯ ಮುತ್ತನ್ನೇ ಕತ್ತರಿಸಿದ. ಅಂತ್ಯ ಎನ್ನುವುದು ಹದಿನೇಳು ವರ್ಷ ಆದಮೇಲೂ ಕೆರೆಯುವ ಗಾಯವಾಗಿತ್ತು ಅವನಿಗೆ.

ಬಸ್ಟರ್ ಕೀಟನ್ ಇನ್ನೂ ಕಟು. ಅವನ ‘ಕಾಲೇಜ್’ (1927) ಓದುಬರಹದ ಹುಡುಗ ಆಟಗಾರನಾಗಲು ಒದ್ದಾಡುವ ಕಥೆ. ಕೊನೆಗೆ ಹುಡುಗಿಯನ್ನು ಕಾಪಾಡಿ, ಮದುವೆಯಾಗಿ ಚರ್ಚಿನಿಂದ ಹೊರಬರುತ್ತಾನೆ. ಅಲ್ಲಿಗೆ ಮುಗಿಸಿದ್ದರೆ ಸಾವಿರ ಚಿತ್ರಗಳಲ್ಲಿ ಅದೂ ಒಂದು. ಕೀಟನ್ ಇನ್ನು ಕೆಲವೇ ಸೆಕೆಂಡು ಕ್ಯಾಮೆರಾ ಓಡಿಸುತ್ತಾನೆ: ಮಕ್ಕಳ ನಡುವೆ ಗಂಡಹೆಂಡತಿ, ಮುದಿ ವಯಸ್ಸಿನಲ್ಲಿ ಗೊಣಗುವ ಗಂಡಹೆಂಡತಿ, ಅಕ್ಕಪಕ್ಕದಲ್ಲಿ ಎರಡು ಗೋರಿ. ಶುಭಂ ಎಂದು ಹೇಳಬೇಕಾದ ಜಾಗದಲ್ಲಿ ಶುಭ ಎಷ್ಟು ದಿನದ್ದು ಎಂದು ಕೇಳುವ ಈ ಧೈರ್ಯ ಇವತ್ತಿನ ಹಾಸ್ಯ ನಿರ್ದೇಶಕರಿಗೂ ಬಾರದು.

ಆದರೆ ಇವರಿಬ್ಬರ ದಾರಿಯೂ ಮೇಷ್ಟ್ರಿಗೆ ಒದಗುವುದಿಲ್ಲ. ಅಲೆಮಾರಿಗೆ ಮನೆಯಿಲ್ಲ, ಹೋಗಬಹುದು. ಮೇಷ್ಟ್ರು ಹೋದರೆ ಎಲ್ಲಿಗೆ? ಸೋಮವಾರ ಬೆಳಿಗ್ಗೆ ಅದೇ ಹಾಜರಿ ಪುಸ್ತಕ, ಅದೇ ಮುಖಗಳು. ಶಾಲೆಯ ಕಥೆಯಲ್ಲಿ ಎಲ್ಲ ಮುಗಿದ ಮೇಲೂ ಇಬ್ಬರೂ ಒಂದೇ ಕೋಣೆಯಲ್ಲಿ ಇರಲೇಬೇಕು ಎಂಬ ನಿರ್ಬಂಧವಿದೆ. ಈ ಪ್ರಕಾರದ ಕಷ್ಟವೆಲ್ಲ ಅದರಿಂದ, ಸ್ವಾರಸ್ಯವೂ ಅದರಿಂದಲೇ.

ಟಾಕಿ ಕಾಲದ ದೊಡ್ಡ ಹಾಸ್ಯಚಿತ್ರಗಳು ಈ ನಿರ್ಬಂಧದಿಂದ ನುಣುಚಿಕೊಂಡದ್ದು ಆಟದ ಮೈದಾನಕ್ಕೆ. ಮೂಕಿಯಲ್ಲಿ ಹೆರಾಲ್ಡ್ ಲಾಯ್ಡ್ 1925ರ ‘ದಿ ಫ್ರೆಶ್‌ಮನ್’ ಚಿತ್ರದಲ್ಲಿ ದಾರಿ ತೋರಿಸಿದ್ದ: ಫುಟ್‌ಬಾಲ್ ಪಂದ್ಯ ಗೆದ್ದು, ಹುಡುಗಿ ಬರೆದ ಚೀಟಿ ಓದುತ್ತ ಮೈಮರೆತು ಶವರ್ ತಿರುಗಿಸಿಕೊಂಡು ನೆನೆಯುತ್ತಾನೆ (ಮತ್ತೆ ನೀರು). ಮಾರ್ಕ್ಸ್ ಸಹೋದರರ ‘ಹಾರ್ಸ್ ಫೆದರ್ಸ್’ (1932) ಚಿತ್ರದಲ್ಲಿ ಗ್ರೌಚೊ ಕಾಲೇಜಿನ ಅಧ್ಯಕ್ಷ. ಪಾಠ ಮಾಡುವ ದೃಶ್ಯ ಇವತ್ತಿಗೂ ಹೊಟ್ಟೆ ಹುಣ್ಣಾಗಿಸುತ್ತದೆ. ಆ ತರಗತಿಯ ಗಲಾಟೆಗೆ ಕೊನೆ ಮಾತ್ರ ತರಗತಿಯಲ್ಲಿಲ್ಲ. ಅದು ಕಸದ ಗಾಡಿಯನ್ನೇ ರೋಮನ್ ರಥದಂತೆ ಓಡಿಸಿ ಅಂಕ ಗಳಿಸುವ ಪಂದ್ಯಕ್ಕೆ ಹೋಗಿ, ಅಲ್ಲಿಂದ ಮೂವರು ಸಹೋದರರೂ ಒಬ್ಬಳನ್ನೇ ಮದುವೆಯಾಗುವ ಒಂದು ಪುಟ್ಟ ದೃಶ್ಯಕ್ಕೆ ಜಿಗಿಯುತ್ತದೆ. ಇಂಗ್ಲೆಂಡಿನ ವಿಲ್ ಹೇ 1935ರ ‘ಬಾಯ್ಸ್ ವಿಲ್ ಬಿ ಬಾಯ್ಸ್’ ಚಿತ್ರದಲ್ಲಿ ಮೊರೆಹೋದದ್ದು ರಗ್ಬಿ ಪಂದ್ಯದ ಗದ್ದಲಕ್ಕೆ.

ವಿಲ್ ಹೇ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಮೂಗಿನ ತುದಿಗೆ ಜಾರಿದ ಕನ್ನಡಕ, ಕೊಳೆಯಾದ ಗೌನು, ಹುಡುಗರಿಗಿಂತ ಕಡಿಮೆ ತಿಳಿದ ಮೇಷ್ಟ್ರು: ಈ ಪಾತ್ರವನ್ನು ವರ್ಷಗಟ್ಟಲೆ ವೇದಿಕೆಯ ಮೇಲೆ ಆಡಿ ಆಮೇಲೆ ಸಿನಿಮಾಕ್ಕೆ ತಂದ. ಹುಡುಗರು ಅವನಿಗೆ ಏಟು ಕೊಡುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಅವನು ಉತ್ತರದಿಂದ ತಪ್ಪಿಸಿಕೊಳ್ಳುವ ಪರಿಯೇ ನಗೆ. ಅಂಥ ಪೆದ್ದನ ವೇಷ ಹಾಕುತ್ತಿದ್ದ ಮನುಷ್ಯ ಮನೆಯ ಹಿತ್ತಲಿನ ದೂರದರ್ಶಕದಲ್ಲಿ 1933ರ ಆಗಸ್ಟ್‌ನಲ್ಲಿ ಶನಿಗ್ರಹದ ಮೇಲಿನ ಬಿಳಿ ಮಚ್ಚೆಯನ್ನು ಕಂಡುಹಿಡಿದ ಖಗೋಳಜ್ಞ. ಬಲ್ಲವನು ಮಾತ್ರ ಏನೂ ಬಾರದ ಮೇಷ್ಟ್ರನ್ನು ಇಷ್ಟು ಕರಾರುವಾಕ್ಕಾಗಿ ಆಡಬಲ್ಲ. ಆದರೂ ಅವನ ಶಾಲೆಯ ಚಿತ್ರಗಳು ಒಂದರ ಮೇಲೊಂದು ಕಳ್ಳತನ, ಗೂಢಚಾರಿಕೆಯ ಕಥೆ ಹಿಡಿದು ತರಗತಿಯಿಂದ ಆಚೆ ಹೋದವು. ಮೇಷ್ಟ್ರು ಮತ್ತು ಹುಡುಗರ ಜಗಳ ತೀರಿಸುವ ಬದಲು ಇಬ್ಬರಿಗೂ ಸಮಾನ ಶತ್ರುವೊಬ್ಬನನ್ನು ಒದಗಿಸಿದರೆ ಸಾಕು, ಜಗಳ ತಾನಾಗಿ ಮರೆತುಹೋಗುತ್ತದೆ. ಜಾಣ ಉಪಾಯ, ಆದರೆ ಉಪಾಯವೇ.

ಈಗ 1930ರ ಆ ಇಪ್ಪತ್ತು ನಿಮಿಷ. ಹಾಲ್ ರೋಚ್ ತಯಾರಿಸಿ, ರಾಬರ್ಟ್ ಮೆಕ್‌ಗೋವನ್ ನಿರ್ದೇಶಿಸಿದ ‘ಟೀಚರ್ಸ್ ಪೆಟ್’, 1922ರಿಂದ ಬರುತ್ತಿದ್ದ ‘ಅವರ್ ಗ್ಯಾಂಗ್’ ಮಕ್ಕಳ ಸರಣಿಯ ಒಂದು ಕಂತು. ಜಾಕಿ ಕೂಪರ್ ಎಂಬ ಎಂಟು ವರ್ಷದ ಹುಡುಗನಿಗೆ ತನ್ನ ಹಳೆಯ ಟೀಚರು ಮದುವೆಯಾಗಿ ಹೋದದ್ದರ ದುಃಖ. ಹೊಸಬರ ಹೆಸರು ಮಿಸ್ ಕ್ರ್ಯಾಬ್‌ಟ್ರೀ ಎಂದು ಗೊತ್ತು, ಮುಖ ಗೊತ್ತಿಲ್ಲ. ಯಾರೋ ಸಿಡುಕಿನ ಮುದುಕಿ ಇರಬೇಕೆಂದು ತೀರ್ಮಾನಿಸಿದ್ದಾನೆ. ಅವರನ್ನು ಮೊದಲ ದಿನವೇ ಓಡಿಸಲು ಗೆಳೆಯರೊಡನೆ ಏರ್ಪಾಡು: ಇಲಿ, ಕೆಂಪಿರುವೆ, ಜತೆಗೆ ಮನೆಯಿಂದ ಕರೆ ಬಂದಿದೆಯೆಂದು ಚಿಕ್ಕವರಿಂದ ಸುಳ್ಳು ಹೇಳಿಸಿ ಈಜಲು ಹೋಗುವ ಉಪಾಯ. ಶಾಲೆಗೆ ಹೋಗುವ ದಾರಿಯಲ್ಲಿ ಕಾರು ನಿಲ್ಲಿಸಿ ಹತ್ತಿಸಿಕೊಂಡ ಚೆಂದದ ಹೆಂಗಸೊಬ್ಬಳ ಹತ್ತಿರ, ಮಕ್ಕಳಿಗೆ ಮಾತ್ರ ಸಾಧ್ಯವಾಗುವ ಧಾರಾಳತನದಲ್ಲಿ, ಯೋಜನೆಯನ್ನೆಲ್ಲ ಬಿಚ್ಚಿ ಹೇಳುತ್ತಾನೆ. ಅವಳೇ ಮಿಸ್ ಕ್ರ್ಯಾಬ್‌ಟ್ರೀ. ನೋಡುವವರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಕಾರಿನ ಈ ದೃಶ್ಯ ಸದ್ದು ಬಂದದ್ದರಿಂದ ಸಾಧ್ಯವಾದದ್ದು. ಮೂಕಿಯಲ್ಲಿ ಇದನ್ನು ಐದಾರು ಬರಹದ ಫಲಕ ಹಾಕಿ ಹೇಳಬೇಕಾಗುತ್ತಿತ್ತು, ಹುಡುಗನ ದನಿಯ ಉಬ್ಬರವಾಗಲಿ, ಕೇಳುತ್ತಿರುವ ಮಿಸ್ ಕ್ರ್ಯಾಬ್‌ಟ್ರೀ ಪಾತ್ರದ ಜೂನ್ ಮಾರ್ಲೋ ಮುಖದಲ್ಲಿ ನಗು ತಡೆದುಕೊಳ್ಳುವ ಕಷ್ಟವಾಗಲಿ ಒಟ್ಟಿಗೆ ಸಿಗುತ್ತಿರಲಿಲ್ಲ. ಸ್ಲ್ಯಾಪ್‌ಸ್ಟಿಕ್ ಮಾತಿನಿಂದ ಕೆಟ್ಟಿತು ಎಂದು ಚಲನಚಿತ್ರ ಚರಿತ್ರೆಯವರು ಸಾಮಾನ್ಯವಾಗಿ ದೂರುತ್ತಾರೆ. ಬಹಳ ಮಟ್ಟಿಗೆ ನಿಜ. ಇಲ್ಲಿ ಮಾತ್ರ ಮಾತೇ ಬಲೆ ಹೆಣೆಯುತ್ತದೆ. ಪೈಪು ತುಳಿಯುವ ಹುಡುಗ ತೋಟಗಾರನಿಗೇ ಮುಂಚಿತವಾಗಿ ತಿಳಿಸಿ ತುಳಿಯಲು ಹೊರಟಂತಾಯಿತು.

ತರಗತಿಯಲ್ಲಿ ಮಿಸ್ ಕ್ರ್ಯಾಬ್‌ಟ್ರೀ ಬೆತ್ತ ಎತ್ತುವುದಿಲ್ಲ, ದನಿಯನ್ನೂ ಎತ್ತುವುದಿಲ್ಲ. ಹುಡುಗರ ಏರ್ಪಾಡನ್ನು ಒಂದೊಂದಾಗಿ ಅವರ ಮುಂದೆಯೇ ಸಲೀಸಾಗಿ ಬಿಡಿಸಿಡುತ್ತಾಳೆ. ಆಮೇಲೆ ಬರುವುದು ಐಸ್‌ಕ್ರೀಂ ಮತ್ತು ಕೇಕು, ಹೊಸ ಟೀಚರು ಮಕ್ಕಳಿಗೆ ತಂದ ಔತಣ. ಮನೆಯಿಂದ ಕರೆ ಬಂದವರು ಪಾಪ, ಹೋಗಲೇಬೇಕಲ್ಲ! ಸುಳ್ಳನ್ನು ನಿಜವೆಂದು ಒಪ್ಪಿಕೊಂಡುಬಿಡುವುದೇ ಅವಳು ಕೊಡುವ ಶಿಕ್ಷೆ. ಜಾಕಿಯ ಸಂಕಟ ಮಾತ್ರ ಐಸ್‌ಕ್ರೀಮಿನದಲ್ಲ. ತನ್ನನ್ನು ಕಾರಿನಲ್ಲಿ ಕರೆತಂದವಳ ಮುಂದೆ ಮುಖ ತೋರಿಸಲಾಗದೆ ಹೊರಗೆ ಹೋಗಿ ಅಳುತ್ತಾನೆ. ಅವಳು ಅವನ ಪಾಲನ್ನು ಅಲ್ಲಿಗೇ ತಂದು ಕೊಡುತ್ತಾಳೆ. ತಿನ್ನುತ್ತ, ಬಿಕ್ಕುತ್ತ, ಹಳೆಯ ಟೀಚರಿಗಿಂತಲೂ ನೀವು ಚೆಂದ ಎನ್ನುತ್ತಾನೆ. ಅಷ್ಟೇ.

ಇದನ್ನು ಭಾವುಕತೆ ಎಂದು ತಳ್ಳಿಹಾಕುವವರಿದ್ದಾರೆ. ಕೊನೆಯ ಮೂರು ನಿಮಿಷದಲ್ಲಿ ಯಾರೂ ಬೀಳುವುದಿಲ್ಲ, ಏನೂ ಒಡೆಯುವುದಿಲ್ಲ, ಹಾಗಾದರೆ ಇದು ಸ್ಲ್ಯಾಪ್‌ಸ್ಟಿಕ್ ಹೇಗೆ ಎಂಬುದು ಅವರ ತಕರಾರು. ನನಗೆ ಹಾಗೆ ಕಾಣುವುದಿಲ್ಲ. ಈ ಪ್ರಕಾರದ ಮೂಲ ನಿಯಮ ಗುಂಡಿ ತೋಡಿದವನೇ ಗುಂಡಿಗೆ ಬೀಳಬೇಕು ಎಂಬುದು. ‘ಟೀಚರ್ಸ್ ಪೆಟ್’ ಅದನ್ನು ಮೀರಿಲ್ಲ, ಗುಂಡಿಯ ಜಾಗ ಮಾತ್ರ ಬದಲಿಸಿದೆ. ಹುಡುಗ ಬೀಳುವುದು ನಾಚಿಕೆಯೊಳಕ್ಕೆ. ಬೀಳಿಸುವವರು ಯಾರೂ ಇಲ್ಲ. ಅವನು ತೋಡಿದ ಗುಂಡಿಯನ್ನು ಟೀಚರು ಮುಚ್ಚದೆ ಬಿಟ್ಟಿದ್ದಾಳೆ, ಆಮೇಲೆ ಕೈಕೊಟ್ಟು ಎತ್ತಿದ್ದಾಳೆ. 1895ರ ತೋಟಗಾರ ಹುಡುಗನನ್ನು ಕ್ಯಾಮೆರಾದ ಮುಂದಕ್ಕೆ ಎಳೆದು ತಂದು ಹೊಡೆದಿದ್ದ. ಮಿಸ್ ಕ್ರ್ಯಾಬ್‌ಟ್ರೀ ಎಲ್ಲರ ಕಣ್ಣಿನಿಂದ ದೂರ ಹೋಗಿ ಕೂತವನ ಬಳಿಗೆ ತಾನೇ ನಡೆದು ಹೋಗುತ್ತಾಳೆ. ಮೂವತ್ತೈದು ವರ್ಷದಲ್ಲಿ ನಗೆಚಿತ್ರ ಇಷ್ಟು ದೂರ ಬಂದಿತ್ತು. ನಮ್ಮ ದೇಶದಲ್ಲಿ ಮಕ್ಕಳಿಗೆ ಹೊಡೆಯಕೂಡದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಬರೆದದ್ದು 2009ರಲ್ಲಿ.

ಎರಡು ವರ್ಷದ ನಂತರ ಇದೇ ಟೀಚರ ಇನ್ನೊಂದು ಚಿತ್ರ ಬಂತು, ‘ರೀಡಿಂಗ್ ಅಂಡ್ ರೈಟಿಂಗ್’. ಅಲ್ಲಿ ಬ್ರಿಸ್ಬೇನ್ ಎಂಬ ಹುಡುಗ ಶಾಲೆಯಿಂದ ಹೊರಹಾಕಿಸಿಕೊಳ್ಳಲೆಂದೇ ತಂಟೆ ಮಾಡುತ್ತಾನೆ, ತರಗತಿಯೊಳಕ್ಕೆ ಹೇಸರಗತ್ತೆಯನ್ನೂ ನುಗ್ಗಿಸುತ್ತಾನೆ. ಹೊರಹಾಕಿಸಿಕೊಂಡ ಮೇಲೆ ಬೀದಿಯಲ್ಲಿ ಆಡಲು ಜೊತೆ ಯಾರೂ ಇಲ್ಲ ಎಂದು ಅರಿವಾಗಿ ವಾಪಸ್ಸು ಬರುತ್ತಾನೆ. ಒಳಗೆ ಸೇರಿಸಿಕೊಳ್ಳಲು ಒಂದು ಷರತ್ತು: ತಾನು ಹಿಂದೆ ಧಿಕ್ಕರಿಸಿದ್ದ ಹೂವಿನ ಕುರಿತ ಅಳುಮುಂಜಿ ಪದ್ಯವನ್ನು ಎಲ್ಲರೆದುರು ನಿಂತು ಒಪ್ಪಿಸಬೇಕು. ಒಪ್ಪಿಸುತ್ತಾನೆ, ಎಲ್ಲರ ಗೇಲಿಯ ನಡುವೆ, ಕಣ್ಣೀರು ಹಾಕುತ್ತ. ಹೆಚ್ಚು ನಗು ಬರುವುದು ಇದೇ ಚಿತ್ರಕ್ಕೆ. ಆದರೆ ಇಲ್ಲಿ ಟೀಚರು ಮತ್ತೆ ತೋಟಗಾರನಾಗಿದ್ದಾಳೆ. ಕೈಯಲ್ಲಿ ಬೆತ್ತದ ಬದಲು ಪದ್ಯ ಇದೆ, ಶಿಕ್ಷೆ ಮತ್ತೆ ನಾಲ್ಕು ಜನರ ಮುಂದೆ. ಒಬ್ಬಳೇ ನಟಿ, ಒಂದೇ ಸರಣಿ, ಅದೇ ಶಾಲೆ; 1930ರ ಔದಾರ್ಯ 1932ಕ್ಕೆ ಉಳಿಯಲಿಲ್ಲ. ನಗೆಗೆ ಅದು ನಷ್ಟವಾಗಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಜೂನ್ ಮಾರ್ಲೋ ಸರಣಿಯಲ್ಲಿ ನಟಿಸಿದ್ದು ಒಟ್ಟು ಆರು ಚಿತ್ರಗಳಲ್ಲಿ, ಅದು ಕೊನೆಯದು.

ಈ ಚಿತ್ರಗಳ ತರಗತಿಯನ್ನು ನೋಡುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಕರಿಯ ಹುಡುಗ ಫರೀನಾ ಬಿಳಿಯ ಮಕ್ಕಳ ಜೊತೆ ಒಂದೇ ಕೋಣೆಯಲ್ಲಿ ಕೂತಿದ್ದಾನೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆಗ ಅದು ಕಾನೂನಿಗೇ ವಿರುದ್ಧ. ಶಾಲೆಗಳಲ್ಲಿ ಬಣ್ಣಭೇದ ಅಸಾಂವಿಧಾನಿಕ ಎಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು 1954ರಲ್ಲಿ. ಹಾಗೆಂದು ಸರಣಿ ಮಡಿ ಅಲ್ಲ. ಕರಿಯ ಮಕ್ಕಳನ್ನು ಗೇಲಿ ಮಾಡುವ ನಗೆ ಅದರ ಉದ್ದಕ್ಕೂ ಇದೆ. 1950ರ ದಶಕದಿಂದ ಇವು ಟಿವಿಯಲ್ಲಿ ‘ಲಿಟ್ಲ್ ರ‍್ಯಾಸ್ಕಲ್ಸ್’ ಎಂಬ ಹೆಸರಿನಲ್ಲಿ ಬಂದವು. 1970ರ ದಶಕದ ಆರಂಭದಲ್ಲಿ ವಿತರಕರು ಅಂಥ ಭಾಗಗಳಿಗೆ ಕತ್ತರಿ ಹಾಕಿದರು. ಆ ಪೀಳಿಗೆಯವರು ನೋಡಿದ್ದು ಕತ್ತರಿಸಿದ ಪ್ರತಿಗಳನ್ನು. ಮೂಕಿ ಚಿತ್ರಗಳ ಗತಿಯಂತೂ ಇನ್ನೂ ಕಷ್ಟದ್ದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1912ರಿಂದ 1929ರವರೆಗಿನ ಪೂರ್ಣಾವಧಿ ಕಥಾಚಿತ್ರಗಳಲ್ಲಿ ಬಿಡುಗಡೆಯಾದ ರೂಪದಲ್ಲಿಯೇ ಪೂರ್ತಿಯಾಗಿ ಉಳಿದಿರುವುದು ನೂರಕ್ಕೆ ಹದಿನಾಲ್ಕು. ಸವೆದ ಪ್ರತಿಯಲ್ಲಿ ಮೊದಲು ಹರಿದುಹೋಗುವುದು ರೀಲಿನ ಎರಡು ತುದಿಗಳು. ಹಳೆಯ ಹಾಸ್ಯಚಿತ್ರದ ಅಂತ್ಯವನ್ನು ಕುರಿತು ಜಗಳವಾಡುವವರು ಆ ಅಂತ್ಯ ನಿರ್ದೇಶಕನದೋ, ಪ್ರೊಜೆಕ್ಟರಿನದೋ ಎಂದು ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ಹುಡುಗರನ್ನೇ ಗೆಲ್ಲಿಸಿದವನೂ ಒಬ್ಬನಿದ್ದಾನೆ, ಫ್ರಾನ್ಸಿನ ಜಾನ್ ವಿಗೋ. ಅವನ 1933ರ ‘ಝೀರೋ ದ ಕಾಂಡ್ಯೂಟ್’, ಎಂದರೆ ನಡತೆಗೆ ಸೊನ್ನೆ, ಮುಕ್ಕಾಲು ಗಂಟೆಯೂ ಇಲ್ಲದ ಚಿತ್ರ. ವಸತಿ ಶಾಲೆಯ ಹುಡುಗರು ದಂಗೆಯೇಳುತ್ತಾರೆ, ದಿಂಬು ಹರಿದು ಪುಕ್ಕದ ಮಳೆಗರೆಯುತ್ತಾರೆ, ಶಾಲೆಯ ಉತ್ಸವದ ದಿನ ಗಣ್ಯರ ಮೇಲೆ ಮಾಡಿನಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತಾರೆ. ಕೊನೆಗೆ ನಾಲ್ವರು ಹುಡುಗರು ಮಾಡಿನ ಏಣು ಹತ್ತಿ ಬಾನಿನ ಕಡೆಗೆ ಹೋಗುತ್ತಾರೆ. ಇಳಿದು ಬರುವುದನ್ನು ವಿಗೋ ತೋರಿಸಲಿಲ್ಲ. ಸೋಮವಾರದ ಪ್ರಶ್ನೆ ಅವನಿಗೆ ಬೇಕಿರಲಿಲ್ಲ. ಫ್ರೆಂಚ್ ಸರ್ಕಾರಕ್ಕೆ ಬೇಕಿತ್ತು. ಚಿತ್ರವನ್ನು ನಿಷೇಧಿಸಿತು, 1945ರವರೆಗೆ ಬಿಡಲಿಲ್ಲ. ವಿಗೋ 1934ರಲ್ಲಿಯೇ ಇಪ್ಪತ್ತೊಂಬತ್ತರ ಹರೆಯದಲ್ಲಿ ತೀರಿಕೊಂಡಿದ್ದ. ಈ ಚಿತ್ರದಲ್ಲಿ ಹುಡುಗರ ಪಕ್ಷದ ಒಬ್ಬನೇ ಒಬ್ಬ ಮೇಷ್ಟ್ರಿದ್ದಾನೆ. ಆಟದ ಬಯಲಿನಲ್ಲಿ ಚಾಪ್ಲಿನ್‌ನ ನಡಿಗೆಯನ್ನು ಅನುಕರಿಸುತ್ತಾನೆ, ತರಗತಿಯಲ್ಲಿ ಕೈಯೂರಿ ತಲೆಕೆಳಗಾಗಿ ನಿಲ್ಲುತ್ತಾನೆ. ಮೇಷ್ಟ್ರು ತಾನೇ ಕ್ಲೌನ್ ಆದರೆ ಹುಡುಗರ ಜೊತೆಗಿನ ಜಗಳವೇ ಇರುವುದಿಲ್ಲ ಎಂದು ತೋರಿಸಿದ ಆ ಚಿಕ್ಕ ಪಾತ್ರ ನನಗೆ ದಂಗೆಗಿಂತಲೂ ಹೆಚ್ಚು ಹಿಡಿಸುತ್ತದೆ.

ಇಂಗ್ಲೆಂಡಿನ ‘ಕ್ಯಾರಿ ಆನ್ ಟೀಚರ್’ (1959) ಹಗುರವಾದ ಚಿತ್ರ, ಆದರೆ ಅದರ ತಿರುವು ಲೆಕ್ಕಕ್ಕೆ ಸೇರಬೇಕಾದದ್ದು. ಶಾಲೆಗೆ ತನಿಖಾಧಿಕಾರಿಗಳು ಬಂದ ಹೊತ್ತಿಗೇ ಹುಡುಗರು ಒಂದಾದಮೇಲೊಂದು ಅನಾಹುತ ಎಬ್ಬಿಸುತ್ತಾರೆ. ಬೇರೆ ಊರಿನ ಹೊಸ ಶಾಲೆಗೆ ಹೋಗಲಿರುವ ಮುಖ್ಯೋಪಾಧ್ಯಾಯರ ಹೆಸರು ಕೆಟ್ಟರೆ ಆ ಕೆಲಸ ಸಿಗುವುದಿಲ್ಲ, ಇಲ್ಲಿಯೇ ಉಳಿಯುತ್ತಾರೆ ಎಂಬುದು ಒಳಗುಟ್ಟು. ಗುಟ್ಟು ತಿಳಿದ ಮುಖ್ಯೋಪಾಧ್ಯಾಯರು ಉಳಿಯುತ್ತಾರೆ. ಏಟೂ ಪ್ರೀತಿಯೂ ಒಂದೇ ಆಗಿಬಿಟ್ಟ ಮೇಲೆ ಕೊನೆಯ ಏಟು ಯಾರದು ಎಂಬ ಪ್ರಶ್ನೆ ಏಳುವುದೇ ಇಲ್ಲ. ‘ಟೀಚರ್ಸ್ ಪೆಟ್’ ನಿಧಾನವಾಗಿ ನಡೆದು ಸೇರಿದ ಜಾಗಕ್ಕೆ ಇದು ಬಸ್ಸಿನಲ್ಲಿ ಬಂದು ಇಳಿದಿದೆ.

ಕನ್ನಡದಲ್ಲಿ ಈ ಜಗಳ ಬಹುಕಾಲ ನಡೆಯಲೇ ಇಲ್ಲ. ನಮ್ಮ ಹಳ್ಳಿ ಮೇಷ್ಟ್ರ ಚಿತ್ರವೆಂದರೆ ಬಿ. ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ (1958). ಅದರಲ್ಲಿ ಮೇಷ್ಟ್ರು ನಗೆಯ ಗುರಿ ಅಲ್ಲ, ಕಣ್ಣೀರಿನ ಕೇಂದ್ರ. ನಿವೃತ್ತಿಯ ನಂತರ ಹೆತ್ತ ಮಕ್ಕಳು ಕೈಬಿಟ್ಟ ಮೇಷ್ಟ್ರಿಗೆ ಆಸರೆಯಾಗುವುದು ಪೊಲೀಸ್ ಅಧಿಕಾರಿಯಾಗಿರುವ ಹಳೆಯ ಶಿಷ್ಯ. ಆ ಚಿಕ್ಕ ಪಾತ್ರವನ್ನು ಮಾಡಿದ್ದು ಶಿವಾಜಿ ಗಣೇಶನ್. ಇಲ್ಲಿ ಅಂತ್ಯ ಎಂದರೆ ಋಣ ತೀರಿಸುವುದು. ಗುರುವಿನ ಮೇಲೆ ಇಲಿ ಬಿಡುವುದು ನಮ್ಮ ಸಿನಿಮಾಕ್ಕೆ ಸುಲಭವಲ್ಲ, ಬಿಟ್ಟರೂ ಅದು ಎರಡು ನಿಮಿಷದ ಹಾಸ್ಯ ದೃಶ್ಯ, ಕಥೆಯ ಬೆನ್ನೆಲುಬಲ್ಲ. ಮಾತಿಲ್ಲದ ನಗೆಯನ್ನು ಇಡೀ ಚಿತ್ರದ ಉದ್ದಕ್ಕೆ ಎಳೆದು ಅದಕ್ಕೆ ತಕ್ಕ ಅಂತ್ಯವನ್ನೂ ಕಂಡುಕೊಂಡದ್ದು ಬೆಂಗಳೂರಿನಲ್ಲಿ ತೆಗೆದ ಸಿಂಗೀತಂ ಶ್ರೀನಿವಾಸರಾವ್ ಅವರ ‘ಪುಷ್ಪಕ ವಿಮಾನ’ (1987): ಹುಡುಗಿ ಎಸೆದ ಗುಲಾಬಿ ಕೈಗೆ ಸಿಗುತ್ತದೆ, ವಿಳಾಸದ ಚೀಟಿ ಹಾರಿ ಚರಂಡಿ ಸೇರುತ್ತದೆ, ಕಮಲಹಾಸನ್ ಮತ್ತೆ ಕೆಲಸ ಹುಡುಕುವ ಸಾಲಿನಲ್ಲಿ ನಿಲ್ಲುತ್ತಾನೆ. ಚಾಪ್ಲಿನ್ ರಸ್ತೆ ಇದ್ದ ಜಾಗದಲ್ಲಿ ಇಲ್ಲಿ ಕ್ಯೂ ಇದೆ. ಆದರೆ ಅದು ಶಾಲೆಯ ಕಥೆಯಲ್ಲ.

ಶಾಲೆಯ ಕಥೆಯಲ್ಲಿ ಮಕ್ಕಳಿಗೆ ನಗಿಸುವ ಅಧಿಕಾರವನ್ನು ಧಾರಾಳವಾಗಿ ಕೊಟ್ಟದ್ದು ರಿಷಬ್ ಶೆಟ್ಟಿ ಅವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ (2018). ಗಡಿನಾಡಿನ ಕನ್ನಡ ಶಾಲೆ, ಕನ್ನಡ ಬಾರದ ಮಲೆಯಾಳಿ ಮೇಷ್ಟ್ರು, ಅವರನ್ನು ಎದುರಿಸುವ ಹುಡುಗರು: ‘ಟೀಚರ್ಸ್ ಪೆಟ್’ ಚಿತ್ರದ ಏರ್ಪಾಡೇ, ಅದಕ್ಕಿಂತ ದೊಡ್ಡ ಕಾರಣದೊಡನೆ. ಮೊದಲರ್ಧದ ತರಗತಿಯ ದೃಶ್ಯಗಳಲ್ಲಿ ಹಳೆಯ ಸ್ಲ್ಯಾಪ್‌ಸ್ಟಿಕ್ಕಿನ ಹುರುಪು ಇದೆ. ಕೊನೆಗೆ ಆ ಜಗಳ ಶಾಲೆಯಿಂದ ಎದ್ದು ಮೈಸೂರಿನ ನ್ಯಾಯಾಲಯಕ್ಕೆ ಹೋಗುತ್ತದೆ, ಕೊನೆಯ ಮಾತು ಅನಂತನಾಗ್ ಪಾಲಿಗೆ ಹೋಗುತ್ತದೆ. ಅವರು ಆಡಿದ ಮಾತಿನಲ್ಲಿ ತಪ್ಪೇನಿಲ್ಲ, ಆಡಿದ ರೀತಿಯೂ ಸೊಗಸು. ಚಿತ್ರಮಂದಿರದಲ್ಲಿ ಚಪ್ಪಾಳೆ ಬಿತ್ತು. ಆದರೆ ಅಷ್ಟು ಹೊತ್ತು ಚಿತ್ರವನ್ನು ಹೊತ್ತು ನಡೆದ ಮಕ್ಕಳ ಕೈಯಿಂದ ಅದನ್ನು ಕಸಿದುಕೊಂಡು ಹಿರಿಯರೊಬ್ಬರಿಗೆ ಒಪ್ಪಿಸಿದ್ದು ನನಗೆ ಸರಿಬರಲಿಲ್ಲ. ಆ ಮೇಷ್ಟ್ರನ್ನೂ ಹುಡುಗರನ್ನೂ ಅದೇ ಕೋಣೆಯಲ್ಲಿ ಇನ್ನು ಹತ್ತು ನಿಮಿಷ ಕೂರಿಸಿ ನೋಡಬಹುದಿತ್ತು.